ಜುಲೈ ಒಂದರಂದು ಹುಟ್ಟಿದವರು

ಒಂದು ಇಡೀ ದೇಶವನ್ನು ಒಂದೇ ಹಾಳೆಯ ಮೇಲೆ ನೋಡಿದ ದಿನ ಚಿನಕುರುಳಿ ಮಧ್ಯಾಹ್ನದ ಊಟವನ್ನೇ ಮರೆತಳು. ಅವಳು ಊಟ ಮರೆತಳು ಎಂದರೆ ಅವಳ ಮನೆಯವರು ಯಾರೂ ನಂಬುವುದಿಲ್ಲ. ಆದರೂ ಅದು ನಿಜ.

ಚಿನಕುರುಳಿ ಎನ್ನುವುದು ಜನಸಂಖ್ಯೆ ಕಚೇರಿಯ ಮೂರನೇ ಮಹಡಿಯವರು ಅವಳಿಗೆ ಇಟ್ಟ ಹೆಸರು. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಮಾತಿಗೆ ಶುರುವಿಟ್ಟಳೆಂದರೆ ಪಟಪಟ ಸಿಡಿಯುತ್ತಲೇ ಇರುತ್ತಾಳೆ, ಎದುರಿಗಿದ್ದವರು ಉಸಿರಾಡುವುದಕ್ಕೂ ಅವಳೇ ಜಾಗ ಬಿಟ್ಟುಕೊಡಬೇಕು. ಯಾವ ವಯಸ್ಸಿನವರು ಈಗ ಎಷ್ಟು ಜನರಿದ್ದಾರೆ, ಮೂವತ್ತು ವರ್ಷಗಳಾದ ಮೇಲೆ ಎಷ್ಟು ಜನರಿರುತ್ತಾರೆ ಎಂದು ಲೆಕ್ಕ ಹಾಕಿ ಚಿತ್ರ ಬಿಡಿಸುವುದು ಅವಳ ಕೆಲಸ. ಚಿತ್ರವೆಂದರೆ ದೊಡ್ಡ ಕಲೆಯೇನಲ್ಲ. ಒಂದೊಂದು ವಯಸ್ಸಿಗೂ ಒಂದೊಂದು ಅಡ್ಡಗೆರೆ. ಜನ ಹೆಚ್ಚಿದ್ದರೆ ಗೆರೆ ಉದ್ದ, ಕಡಿಮೆಯಿದ್ದರೆ ಗಿಡ್ಡ. ಆಗ ತಾನೇ ಹುಟ್ಟಿದವರ ಗೆರೆ ತಳದಲ್ಲಿ, ನೂರು ದಾಟಿದವರ ಗೆರೆ ತುದಿಯಲ್ಲಿ. ನಡುಗಂಬದ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಪುಸ್ತಕದಲ್ಲಿ ಅಂಗೈಯಷ್ಟಿದ್ದುದನ್ನು ಅವಳು ನೂರು ಸಲ ನೋಡಿದ್ದಳು. ಅವತ್ತು ಮಾತ್ರ ಕಚೇರಿಯ ದೊಡ್ಡ ಪ್ರಿಂಟರು ಅದನ್ನು ಬಾಗಿಲೆತ್ತರಕ್ಕೆ ಬಿಡಿಸಿ, ಬಿಸಿಬಿಸಿಯಾಗಿ ಅವಳ ಕೈಗೆ ಹಾಕಿತು.

ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ಎಂಬತ್ತರ ಹತ್ತಿರ ಯಾರೋ ಕಚ್ಚಿ ತೆಗೆದ ಹಾಗೆ ಒಂದು ತಗ್ಗು ಇತ್ತು. ಅದು ಯುದ್ಧದ ಎರಡು ವರ್ಷ ಎಂದು ಅವಳಿಗೆ ಗೊತ್ತಿತ್ತು; ಗಂಡಸರೆಲ್ಲ ದೂರದಲ್ಲಿದ್ದರು, ತೊಟ್ಟಿಲು ತೂಗಲಿಲ್ಲ. ಆದರೆ ಐವತ್ತಮೂರರ ಹತ್ತಿರವೂ ಒಂದು ತಗ್ಗು ಏಕೆ? ಇಪ್ಪತ್ತಾರರ ಹತ್ತಿರ ಇನ್ನೊಂದು, ಮಾಸಿದ ಗಾಯದ ಗುರುತಿನಂತೆ?

ಹಿಂದಿನಿಂದ ವಿಭಾಗದ ಮುಖ್ಯಸ್ಥರು ಬಂದು ನಿಂತಿದ್ದರು. ಇವರನ್ನು ಎಲ್ಲರೂ ಸರಾಸರಿ ಸಾಹೇಬರು ಎನ್ನುತ್ತಿದ್ದರು, ಎದುರಿಗೂ ಹಾಗೇ. ಮೂರು ಮಾತಾಡಿದರೆ ಒಂದು ‘ಸರಾಸರಿ’ ಬರಲೇಬೇಕು. ನಿವೃತ್ತಿಗೆ ಎರಡು ತಿಂಗಳಿತ್ತು. ಅವರು ಪೆನ್ಸಿಲ್ ತುದಿಯಿಂದ ಮೂರು ತಗ್ಗುಗಳನ್ನೂ ಒಂದೊಂದಾಗಿ ಮುಟ್ಟಿ ಹೇಳಿದರು:

“ಮೇಲಿನ ಸಾಲಲ್ಲಿ ಹುಟ್ಟದೇ ಹೋದವರು ಇದ್ದಾರಲ್ಲ, ಇದು ಅವರ ಮಕ್ಕಳು. ಇದು ಮೊಮ್ಮಕ್ಕಳು. ಇಲ್ಲದವರಿಗೆ ಮಕ್ಕಳೂ ಇಲ್ಲ ನೋಡಮ್ಮ.”

ಚಿನಕುರುಳಿಗೆ ಮೈ ಜುಮ್ಮೆಂದಿತು. ಎಂಬತ್ತು ವರ್ಷಗಳ ಹಿಂದೆ ಮುಗಿದುಹೋದ ಯುದ್ಧ ಇವತ್ತಿಗೂ ಈ ದೇಶದ ಮೈಮೇಲೆ ಇಳಿಯುತ್ತಲೇ ಇತ್ತು. ತಳದ ಗೆರೆಗಳಂತೂ ವರ್ಷವರ್ಷಕ್ಕೂ ಕಿರಿದಾಗುತ್ತ, ಇಡೀ ಚಿತ್ರವೇ ದೊಡ್ಡ ಹೂದಾನಿಯಂತೆ ಸಣ್ಣ ಕಾಲಿನ ಮೇಲೆ ನಿಂತಿತ್ತು. ನಡುವಿನಲ್ಲಿ ಮಾತ್ರ, ಇಪ್ಪತ್ತೆಂಟರಿಂದ ನಲವತ್ತೈದರವರೆಗೆ, ತುಂಬಿಕೊಂಡಂತೆ ಒಂದು ಉಬ್ಬು. ಅವರಲ್ಲಿ ಬಹಳ ಮಂದಿ ಇಲ್ಲಿ ಹುಟ್ಟಿದವರಲ್ಲ. ಇಪ್ಪತ್ತು ವರ್ಷಗಳ ಹಿಂದೆ ಹೊರದೇಶದ ಕೆಲಸಗಾರರಿಗೆ ಬಾಗಿಲು ತೆರೆದ ಒಂದು ಕಾನೂನಿನಿಂದ ಬಂದವರು. ಯಾರೋ ಯಾವುದೋ ಕೋಣೆಯಲ್ಲಿ ಹಾಕಿದ ಸಹಿಯೊಂದು ಹೀಗೆ ಸೊಂಟದ ಸುತ್ತಳತೆಯಾಗಿ ಕಾಣಿಸುತ್ತದೆಯೇ? ನೋಡುತ್ತ ನಿಂತವಳಿಗೆ ಗಂಟೆ ಮೂರಾದದ್ದು ತಿಳಿಯಲಿಲ್ಲ. ಡಬ್ಬಿಯ ಅನ್ನ ಡಬ್ಬಿಯಲ್ಲೇ ಉಳಿಯಿತು.

ಮನೆಯಲ್ಲಿ ಇದನ್ನು ಹೇಳದೆ ಇರಲು ಅವಳಿಂದ ಸಾಧ್ಯವೇ? ಸಂಜೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. ಮನೆಯಲ್ಲಿ ನಾಲ್ಕು ಜನ: ಅಮ್ಮ, ಸಿಟಿ ಬಸ್ ಓಡಿಸುವ ಅಣ್ಣ, ಅತ್ತಿಗೆ, ಇವಳು. ಈ ದೇಶದಲ್ಲಿ ಈಗ ಒಬ್ಬ ಹೆಂಗಸಿಗೆ ಒಂದೂಕಾಲು ಮಗು ಎಂದು ಇವಳು ವಿವರಿಸಿದರೆ, ಅಣ್ಣ ಆ ಕಾಲು ಎಡಗಾಲೋ ಬಲಗಾಲೋ ಎಂದು ಕೇಳಿದ. ಅಮ್ಮ ಕುಕ್ಕರಿನ ಮುಚ್ಚಳ ತೆಗೆಯುತ್ತಲೇ, “ದೇಶದಲ್ಲಿ ಮಕ್ಕಳು ಕಮ್ಮಿ ಅಂತ ಆಫೀಸಲ್ಲಿ ಕೂತು ಗೆರೆ ಎಳೀತೀಯ. ಮನೇಲಿ ನಿನ್ನ ಮದುವೆ ಮಾತು ತೆಗೆದ್ರೆ ಎದ್ದು ಹೋಗ್ತೀಯ,” ಎಂದಳು. ಅತ್ತಿಗೆ ನಕ್ಕಳು. ಅವಳು ನಕ್ಕರೆ ಶಬ್ದ ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ.

ಅತ್ತಿಗೆ ಆ ಉಬ್ಬಿನವಳೇ. ಒಂಬತ್ತು ವರ್ಷಗಳ ಹಿಂದೆ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ತನ್ನ ದೇಶದಿಂದ ಒಬ್ಬಳೇ ಬಂದಿದ್ದಳು. ಮೊದಲ ಗಂಡ ತೀರಿಹೋಗಿದ್ದ. ಎಂಟು ವರ್ಷದ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಇಲ್ಲಿನ ವೃದ್ಧಾಶ್ರಮದಲ್ಲಿ ಹಗಲೆಲ್ಲ ಬೇರೆಯವರ ಅಜ್ಜಿ ತಾತಂದಿರನ್ನು ಎತ್ತಿ ಕೂರಿಸಿ, ತಲೆ ಬಾಚಿ, ಮಾತ್ರೆ ನುಂಗಿಸಿ ಬಂದು, ಸಂಜೆ ಫೋನಿನಲ್ಲಿ ಮಗಳ ಮನೆಪಾಠ ನೋಡುತ್ತಿದ್ದಳು. ನಾಲ್ಕು ವರ್ಷಗಳ ಹಿಂದೆ ಅಣ್ಣನ ಬಸ್ಸಿನಲ್ಲಿ ಕೊಡೆ ಮರೆತಳು. ಅದನ್ನು ತಲುಪಿಸಲು ಹೋದ ಅಣ್ಣ ಇವಳನ್ನೇ ಕರೆತಂದ. ಫೋನಿನ ಆ ಹುಡುಗಿ ಈಗ ಚಿನಕುರುಳಿಯನ್ನು ‘ಅತ್ತೆ’ ಎನ್ನುತ್ತಿದ್ದಳು. ಇಪ್ಪತ್ತಮೂರಕ್ಕೇ ಅತ್ತೆಯಾಗಿಬಿಟ್ಟೆನಲ್ಲ ಎಂದು ಇವಳಿಗೆ ಒಳಗೊಳಗೇ ಹೆಮ್ಮೆ.

ನಿಯಮ ಸರಳವಾಗಿತ್ತು. ಕಾಯಂ ಆಗಿ ಉಳಿಯುವ ಪರವಾನಗಿ ಸಿಕ್ಕ ತಾಯಿ ತಂದೆ ತಮ್ಮ ಮಕ್ಕಳನ್ನು ಕರೆಸಿಕೊಳ್ಳಬಹುದು. ಆದರೆ ಅರ್ಜಿ ಹಾಕುವ ದಿನ ಮಗುವಿಗೆ ಹದಿನೆಂಟು ತುಂಬಿರಬಾರದು. ಅತ್ತಿಗೆಗೆ ಪರವಾನಗಿ ಬಂದದ್ದು ಈ ಆಗಸ್ಟಿನಲ್ಲಿ. ಬಂದ ವಾರವೇ, ಹನ್ನೊಂದನೇ ತಾರೀಕು, ಅರ್ಜಿ ಹಾಕಿದ್ದಳು. ಅಮ್ಮ ಆಗಲೇ ಒಳಕೋಣೆಯ ಟ್ರಂಕುಗಳನ್ನೆಲ್ಲ ಹೊರಹಾಕಿ, ಹುಡುಗಿಗೆಂದು ಮಂಚ ಹಾಕಿಸಿ, ಕಿಟಕಿ ಕಡೆ ತಲೆಯೋ ಬಾಗಿಲ ಕಡೆ ತಲೆಯೋ ಎಂದು ಎರಡು ಸಲ ತಿರುಗಿಸಿ ಇಟ್ಟಾಗಿತ್ತು.

ಸೆಪ್ಟೆಂಬರ್ ಕೊನೆಯ ವಾರ ಉತ್ತರ ಬಂತು. ಅಣ್ಣ ನಿಂತೇ ಓದಿದ. ಅರ್ಜಿ ಸಲ್ಲಿಸಿದ ದಿನಕ್ಕೆ ಮಗಳಿಗೆ ಹದಿನೆಂಟು ತುಂಬಿ ನಲವತ್ತೊಂದು ದಿನಗಳಾಗಿದ್ದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಜನ್ಮದಿನ: ಜುಲೈ ಒಂದು. ಒಪ್ಪದಿದ್ದರೆ ಮೂವತ್ತು ದಿನಗಳೊಳಗೆ ಮೇಲ್ಮನವಿ ಹಾಕಿಕೊಳ್ಳಬಹುದು.

ಅತ್ತಿಗೆ ಅಳಲಿಲ್ಲ. ಪಾತ್ರೆ ತೊಳೆಯುವ ಕಟ್ಟೆಗೆ ಒರಗಿ ನಿಂತು, ಯಾರಿಗೋ ದಾರಿ ಹೇಳುವಷ್ಟು ಸಮಾಧಾನದಲ್ಲಿ ಹೇಳಿದಳು:

“ಅವಳು ಜುಲೈನಲ್ಲಿ ಹುಟ್ಟಿಲ್ಲ. ಚಳಿ ಶುರುವಾಗಿತ್ತು. ಸೂಲಗಿತ್ತಿ ಕೈ ಕಾಯಿಸ್ಕೊಂಡು ನನ್ನ ಮುಟ್ಟಿದ್ಲು.”

ಆ ವರ್ಷ ಅವಳ ಊರಿನಲ್ಲಿ ಗಲಭೆ. ಹುಟ್ಟು ಸಾವು ಬರೆದುಕೊಳ್ಳುವ ಕಚೇರಿಯೇ ಸುಟ್ಟುಹೋಗಿತ್ತು. ಅಲ್ಲಿ ಯಾರೂ ತಾರೀಕು ನೆನಪಿಡುತ್ತಿರಲಿಲ್ಲ, ಕಾಲವನ್ನು ನೆನಪಿಡುತ್ತಿದ್ದರು. ಇಲ್ಲಿಗೆ ಬಂದ ಮೊದಲ ದಿನ ಕೌಂಟರಿನಲ್ಲಿ ಮಗಳ ವಯಸ್ಸು ಕೇಳಿದಾಗ, ಎಂಟು ತುಂಬಿದೆ, ಚಳಿಗಾಲಕ್ಕೆ ಒಂಬತ್ತು ತುಂಬುತ್ತೆ ಎಂದಿದ್ದಳು. ಅಧಿಕಾರಿ ವರ್ಷವನ್ನು ಲೆಕ್ಕ ಹಾಕಿ, ತಾರೀಕಿನ ಜಾಗದಲ್ಲಿ ಜುಲೈ ಒಂದು ಎಂದು ಒತ್ತಿದ. ಅತ್ತಿಗೆಗೂ ಅದೇ ತಾರೀಕು ಹಾಕಿದ. ಅವಳ ಜೊತೆ ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಅದೇ ತಾರೀಕು ಸಿಕ್ಕಿದ್ದರಿಂದ, ಈ ದೇಶದವರು ಹೊಸಬರಿಗೆ ಒಂದು ಹುಟ್ಟುಹಬ್ಬ ಕೊಡುತ್ತಾರೆ ಎಂದೇ ಅಂದುಕೊಂಡಿದ್ದಳಂತೆ. ಅವಳ ವೃದ್ಧಾಶ್ರಮದಲ್ಲಿ ಕೆಲಸದ ಹೆಂಗಸರು ಆರು ಜನಕ್ಕೆ ಒಂದೇ ದಿನ ಹುಟ್ಟುಹಬ್ಬ. ಅಲ್ಲಿನ ಅಜ್ಜಿಯೊಬ್ಬಳು ಪ್ರತಿವರ್ಷ, ನಿಮ್ಮಮ್ಮಂದಿರೆಲ್ಲ ಮಾತಾಡಿಕೊಂಡು ಹೆತ್ತರೇನೇ ಎಂದು ಕೇಳುತ್ತಿದ್ದಳಂತೆ.

ಬೇರೆ ದಿನವಾಗಿದ್ದರೆ ಇದಕ್ಕೆ ಎಲ್ಲರೂ ನಗುತ್ತಿದ್ದರು. ಅವತ್ತು ಚಿನಕುರುಳಿ ಅಣ್ಣನ ಕೈಯಿಂದ ಪತ್ರ ತೆಗೆದುಕೊಂಡು, ಜುಲೈ ಒಂದು ಎನ್ನುವ ಸಾಲನ್ನೇ ಮತ್ತೆ ಮತ್ತೆ ಓದಿದಳು.

ಮರುದಿನ ಕಚೇರಿಗೆ ಹೋದವಳೇ ಕಂಪ್ಯೂಟರ್ ತೆರೆದಳು. ಅವಳ ಕೈಯಲ್ಲಿದ್ದ ಕಡತದಲ್ಲಿ ಯಾರ ಹೆಸರೂ ಇರಲಿಲ್ಲ, ವಿಳಾಸವೂ ಇರಲಿಲ್ಲ. ಒಬ್ಬರನ್ನು ಹುಡುಕಿ ತೆಗೆಯುವಂತೆಯೇ ಇಲ್ಲ, ಎಣಿಸಬಹುದು ಅಷ್ಟೇ. ಅದು ಆ ಕಚೇರಿಯ ಮೊದಲ ನಿಯಮ. ಹಾಗಾದರೆ ಎಣಿಸೋಣ ಎಂದುಕೊಂಡಳು. ಹೊರದೇಶದಲ್ಲಿ ಹುಟ್ಟಿ ಇಲ್ಲಿ ಬಾಳುತ್ತಿರುವ ಹದಿನಾಲ್ಕು ಲಕ್ಷ ಜನರನ್ನು, ವಯಸ್ಸು ಬಿಟ್ಟು, ಹುಟ್ಟಿದ ತಾರೀಕಿನ ಪ್ರಕಾರ ಸಾಲಾಗಿ ನಿಲ್ಲಿಸಿದಳು. ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ.

ಪರದೆಯ ಮೇಲೆ ಹುಲ್ಲು ಬೆಳೆದಂತೆ ಪುಟ್ಟ ಪುಟ್ಟ ಗೆರೆಗಳು ಸಮನಾಗಿ ಮೂಡುತ್ತ ಬಂದವು. ದಿನಕ್ಕೆ ಮೂರೂವರೆ ಸಾವಿರ, ಮೂರು ಸಾವಿರದ ಏಳುನೂರು, ಹೀಗೆ. ಆಮೇಲೆ ಆ ಹುಲ್ಲಿನ ನಡುವಿನಿಂದ ಒಂದು ಕಂಬ ಎದ್ದಿತು. ಎದ್ದು ಪರದೆಯ ಅಂಚನ್ನು ದಾಟಿ ಹೋಯಿತು. ಚಿನಕುರುಳಿ ಚಿತ್ರವನ್ನು ಕುಗ್ಗಿಸಿದಳು. ಇನ್ನೂ ದಾಟುತ್ತಿತ್ತು. ಮತ್ತೆ ಕುಗ್ಗಿಸಿದಳು. ಹುಲ್ಲು ನೆಲಕ್ಕೆ ಅಂಟಿ ಮಾಯವಾಗುವಷ್ಟು ಕುಗ್ಗಿಸಿದ ಮೇಲೆ ಕಂಬದ ತುದಿ ಕಂಡಿತು. ಜುಲೈ ಒಂದು. ಅರವತ್ತನಾಲ್ಕು ಸಾವಿರದ ಇನ್ನೂರ ಹತ್ತು ಜನ.

ಅಷ್ಟು ಜನ ತಾಯಂದಿರು, ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಚಳಿ ಮಳೆ ಬಿಸಿಲುಗಳಲ್ಲಿ ಹೆತ್ತ ಮಕ್ಕಳು, ಒಂದು ದಿನದೊಳಗೆ ಒತ್ತೊತ್ತಾಗಿ ನಿಂತಿದ್ದಾರೆ. ಅವಳಿಗೆ ಆ ಕಂಬದೊಳಗಿನಿಂದ ಗದ್ದಲ ಕೇಳಿಸಿದಂತಾಯಿತು. ಲ್ಯಾಪ್‌ಟಾಪನ್ನು ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡು, ತುಂಬಿದ ಕೊಡ ಹೊತ್ತವಳಂತೆ ಸರಾಸರಿ ಸಾಹೇಬರ ಕೋಣೆಗೆ ನಡೆದಳು.

ಸಾಹೇಬರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಮುಖದಲ್ಲಿ ಆಶ್ಚರ್ಯ ಮೂಡಲಿಲ್ಲ. ಹಳೆಯ ಪರಿಚಯದವರನ್ನು ಸಂತೆಯಲ್ಲಿ ಕಂಡಂತಹ ಸಣ್ಣ ನಗು ಬಂತು. ಇದು ತಮ್ಮದೇ ಕೂಸು ಎಂದರು. ಮೂವತ್ತನಾಲ್ಕು ವರ್ಷಗಳ ಹಿಂದೆ, ತಾವು ಇವಳಷ್ಟೇ ಇದ್ದಾಗ, ಹುಟ್ಟಿದ ದಿನ ಗೊತ್ತಿಲ್ಲದವರನ್ನು ಲೆಕ್ಕಕ್ಕೆ ಸೇರಿಸುವುದು ಹೇಗೆಂದು ಯಾರಿಗೂ ತೋಚುತ್ತಿರಲಿಲ್ಲವಂತೆ. ಅಲ್ಲಿಯವರೆಗೆ ಎಲ್ಲರಿಗೂ ಜನವರಿ ಒಂದು ಎಂದು ಹಾಕುತ್ತಿದ್ದರು; ಇಡೀ ಗುಂಪಿಗೆ ಸುಮ್ಮಸುಮ್ಮನೆ ಆರು ತಿಂಗಳು ವಯಸ್ಸು ಹೆಚ್ಚಾಗುತ್ತಿತ್ತು. ಇವರು ಒಂದು ಸುತ್ತೋಲೆ ಬರೆದರು. ಜುಲೈ ಒಂದು ವರ್ಷದ ನಡುಮಧ್ಯ. ಅರ್ಧ ಜನ ಅದಕ್ಕಿಂತ ಮುಂಚೆ ಹುಟ್ಟಿರುತ್ತಾರೆ, ಅರ್ಧ ಜನ ಆಮೇಲೆ. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ತಪ್ಪು ತಿಂದುಹಾಕುತ್ತದೆ.

“ಸರಾಸರಿ ತಪ್ಪು ಸೊನ್ನೆ,” ಎಂದರು ಸಾಹೇಬರು. ಅದನ್ನು ಹೇಳುವಾಗ ಅವರ ಕಣ್ಣು ಮೂವತ್ತನಾಲ್ಕು ವರ್ಷ ಚಿಕ್ಕದಾಯಿತು.

ಚಿನಕುರುಳಿ ಮನೆಗೆ ಬಂದ ಪತ್ರದ ವಿಷಯ ಹೇಳಿದಳು. ಒಂದೇ ಉಸಿರಿಗೆ ಹೇಳಿದಳು: ಅತ್ತಿಗೆ, ಸೂಲಗಿತ್ತಿ, ಮಂಚ, ನಲವತ್ತೊಂದು ದಿನ. ಸಾಹೇಬರ ನಗು ನಿಧಾನವಾಗಿ ಇಳಿಯಿತು. ಅದು ವಲಸೆ ಕಚೇರಿಯವರ ತೀರ್ಮಾನ, ನಾವು ಎಣಿಸುವವರು, ಯಾರನ್ನು ಒಳಗೆ ಬಿಡಬೇಕು ಎನ್ನುವುದು ನಮ್ಮ ಕೆಲಸವಲ್ಲ ಎಂದರು. ನಮ್ಮ ತಾರೀಕನ್ನು ಅವರು ಅದಕ್ಕೆ ಬಳಸುತ್ತಿದ್ದರೆ ಅದು ಅವರ ತಲೆನೋವು, ಸುತ್ತೋಲೆಯಲ್ಲಿ ನಾವು ಸ್ಪಷ್ಟವಾಗಿ ಬರೆದಿದ್ದೇವೆ, ಇದು ಎಣಿಕೆಗೆ ಮಾತ್ರ, ಯಾರ ನಿಜವಾದ ಜನ್ಮದಿನವೂ ಅಲ್ಲ ಅಂತ. ಲೆಕ್ಕದ ಮಟ್ಟಿಗೆ ಅದರಲ್ಲಿ ಒಂದು ಕೂದಲಿನಷ್ಟೂ ದೋಷವಿಲ್ಲ.

“ಸರ್, ಆ ಹುಡುಗಿ ಸರಾಸರಿಯಾಗಿ ಹುಟ್ಟಲಿಲ್ಲ,” ಎಂದಳು ಚಿನಕುರುಳಿ. “ಒಂದು ದಿನ ಹುಟ್ಟಿದ್ಲು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸಾಹೇಬರು ಬೈಯಲಿಲ್ಲ. ಪೆನ್ಸಿಲ್ ತುದಿಯಿಂದ ಆ ಕಂಬವನ್ನು ಒಮ್ಮೆ ಮುಟ್ಟಿದರು. ಆಮೇಲೆ ಎದ್ದು, ಸುತ್ತೋಲೆಯಲ್ಲಿ ಆ ವಾಕ್ಯ ಇದ್ದೇ ಇದೆ, ತೋರಿಸುತ್ತೇನೆ ಬಾ, ಅದರ ನಕಲನ್ನು ಮೇಲ್ಮನವಿಗೆ ಸೇರಿಸಿಬಿಡು, ಕೆಲಸ ಮುಗಿಯಿತು ಎಂದು ನೆಲಮಾಳಿಗೆಗೆ ಕರೆದುಕೊಂಡು ಹೋದರು.

ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಕಬ್ಬಿಣದ ಕಪಾಟುಗಳು ಹಳಿಗಳ ಮೇಲೆ ಸರಿಯುತ್ತವೆ. ಒಂದನ್ನು ತಳ್ಳಿದರೆ ಇನ್ನೊಂದಕ್ಕೆ ದಾರಿ. ಇಬ್ಬರೂ ಸೇರಿ ತಳ್ಳಿದರು. ಎರಡು ಗಂಟೆ ಹುಡುಕಿದ ಮೇಲೆ, ಧೂಳಿಗೆ ಸಾಹೇಬರು ಏಳು ಸಲ ಸೀನಿದ ಮೇಲೆ, ಹಳದಿ ತಿರುಗಿದ ಒಂದೂವರೆ ಪುಟದ ಕಾಗದ ಸಿಕ್ಕಿತು. ಕೆಳಗೆ ಅವರದೇ ಸಹಿ, ಆಗಿನ ವಯಸ್ಸಿಗೆ ತಕ್ಕ ಹಾಗೆ ಬಾಲ ಉದ್ದವಿತ್ತು.

ಸಾಹೇಬರು ಓದಿದರು. ಹಿಂದಿನ ಪುಟ ತಿರುಗಿಸಿ ಮತ್ತೆ ಓದಿದರು. ಕೊನೆಗೆ ಕಾಗದವನ್ನು ಅವಳ ಕೈಗೆ ಕೊಟ್ಟು, ಅಲ್ಲಿದ್ದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತರು.

ನಡುಮಧ್ಯದ ವಿಚಾರವಿತ್ತು. ಅರ್ಧ ಮುಂಚೆ ಅರ್ಧ ಆಮೇಲೆ ಎಂಬುದಿತ್ತು. ಸೊನ್ನೆ ತಪ್ಪಿನ ಲೆಕ್ಕ ಹೆಜ್ಜೆ ಹೆಜ್ಜೆಯಾಗಿ, ಅಂದವಾಗಿ ಇತ್ತು. ಆದರೆ ಆ ಒಂದು ವಾಕ್ಯ ಇರಲಿಲ್ಲ.

“ಬರೆದಿದ್ದೀನಿ ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ,” ಎಂದರು ಸಾಹೇಬರು. “ನೋಡಿದೋರಿಗೆ ತಾನಾಗೇ ಗೊತ್ತಾಗುತ್ತೆ ಅಂತ ಬಿಟ್ಟಿರಬೇಕು. ನಮ್ಮಂಥೋರಿಗೆ ಗೊತ್ತಾಗುತ್ತೆ. ಬೇರೆ ಯಾರಿಗೆ ಗೊತ್ತಾಗ್ಬೇಕು?”

ಅದು ಲೆಕ್ಕದವರು ಮಾತ್ರ ಮಾಡಬಹುದಾದ ತಪ್ಪು. ಜುಲೈ ಒಂದು ಎಂದರೆ ‘ಗೊತ್ತಿಲ್ಲ’ ಎಂದು ಅವರಿಗೆ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕೆಂದೇ ಹೊಳೆದಿರಲಿಲ್ಲ. ಕಾಗದ ಕಚೇರಿಯಿಂದ ಕಚೇರಿಗೆ ಹೋಯಿತು. ಎಣಿಕೆಯ ಗುರುತು ವಲಸೆಯ ಕೌಂಟರಿಗೆ ಬರುವ ಹೊತ್ತಿಗೆ ಗಟ್ಟಿಯಾಗಿ, ಜನ್ಮದಿನವಾಗಿ, ಗೋಡೆಯಾಗಿ ನಿಂತಿತ್ತು.

ಸಾಹೇಬರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ಮಹಡಿಯಲ್ಲಿ ‘ಸರಾಸರಿ’ ಎಂಬ ಪದವೇ ಕೇಳಿಸದೆ ಎಲ್ಲರಿಗೂ ಏನೋ ಕಳೆದುಕೊಂಡಂತಾಗಿತ್ತು. ಚಿನಕುರುಳಿಗೆ ಅವರ ಕಷ್ಟ ಅರ್ಥವಾಗುತ್ತಿತ್ತು. ಆ ತಾರೀಕು ತಾರೀಕೇ ಅಲ್ಲ ಎಂದು ಕಚೇರಿ ಈಗ ಬರೆದುಕೊಟ್ಟರೆ, ಮೂವತ್ತನಾಲ್ಕು ವರ್ಷಗಳಲ್ಲಿ ಅದನ್ನು ನಂಬಿ ಮಾಡಿದ ಎಷ್ಟು ತೀರ್ಮಾನಗಳು ಅಲ್ಲಾಡುತ್ತವೋ. ಮೇಲಿನವರು ಹುಬ್ಬು ಗಂಟಿಕ್ಕುತ್ತಾರೆ. ಬೀಳ್ಕೊಡುಗೆ ಭಾಷಣದಲ್ಲಿ ಹೊಗಳಿಸಿಕೊಂಡು ಹೋಗಬೇಕಾದವರು, ತಮ್ಮ ಹೆಮ್ಮೆಯ ಕೆಲಸದಲ್ಲೇ ಇದ್ದ ತೂತನ್ನು ತಾವೇ ತೋರಿಸಿ ಹೋಗಬೇಕು. ಆದರೆ ಮನೆಯಲ್ಲಿ ಅತ್ತಿಗೆ ಮೂವತ್ತು ದಿನಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. ಈ ಬಾಗಿಲು ಮುಚ್ಚಿದರೆ ಮಗಳು ಇನ್ನು ಕೆಲಸದ ಪರವಾನಗಿಗೆ ಸಾಲಿನಲ್ಲಿ ನಿಲ್ಲಬೇಕು. ಸಾಲು ಆರೇಳು ವರ್ಷ ಉದ್ದವಿತ್ತು. ಇಷ್ಟರಲ್ಲಿ ಅಲ್ಲಿ ಅಜ್ಜಿಯ ಕಣ್ಣು ಮಂದವಾಗಿತ್ತು, ಹುಡುಗಿಯೇ ಅಜ್ಜಿಯನ್ನು ಕೈಹಿಡಿದು ನಡೆಸುತ್ತಿದ್ದಳು. ಅಜ್ಜಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಲು ಹುಡುಗಿಯ ಚಿಕ್ಕಮ್ಮ ಸಿದ್ಧವಿದ್ದಳು, ಆದರೆ ಆ ಮನೆಯಲ್ಲಿ ಹುಡುಗಿಗೆ ಜಾಗವಿರಲಿಲ್ಲ.

ಮೂರನೆಯ ದಿನ ಸಾಹೇಬರು ಕರೆದರು. ಒಂದು ಹಾಳೆ ಮುಂದಿಟ್ಟರು. ‘ಈ ಕಚೇರಿಯ ಸುತ್ತೋಲೆಯಂತೆ ನಮೂದಿಸಿದ ಜುಲೈ ಒಂದು ಎಂಬ ತಾರೀಕು ಯಾವ ವ್ಯಕ್ತಿಯ ಜನ್ಮದಿನವೂ ಅಲ್ಲ. ದಿನ ತಿಳಿದಿಲ್ಲ ಎಂದಷ್ಟೇ ಅದರ ಅರ್ಥ. ಈ ವಾಕ್ಯವನ್ನು ಸುತ್ತೋಲೆಯಲ್ಲೇ ಬರೆಯಬೇಕಿತ್ತು. ಬರೆಯದಿದ್ದುದು ನನ್ನ ತಪ್ಪು.’ ಕೆಳಗೆ ಸಹಿ. ಬಾಲ ಈಗ ಗಿಡ್ಡವಾಗಿತ್ತು.

ಇದನ್ನು ಲಕೋಟೆಯಲ್ಲಿ ಹಾಕಿ ಕಳಿಸಿದರೆ ಯಾರೂ ಓದುವುದಿಲ್ಲ, ನಾನೇ ಬರುತ್ತೇನೆ ಎಂದರು.

ಮೇಲ್ಮನವಿಯ ಕೋಣೆ ಸಣ್ಣದು. ಒಂದು ಮೇಜು, ಆರು ಕುರ್ಚಿ, ನೀರಿನ ಜಗ್ಗು. ಅಧಿಕಾರಿ ಐವತ್ತರ ಹೆಂಗಸು, ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಕೇಳಿಸಿಕೊಳ್ಳುತ್ತಿದ್ದರು. ಸಾಹೇಬರು ಬಗಲಲ್ಲಿ ಸುತ್ತಿ ತಂದಿದ್ದ ಹಾಳೆಯನ್ನು ಬಿಡಿಸಿದರು. ಒಂದು ತುದಿ ಅಣ್ಣ ಹಿಡಿದ, ಇನ್ನೊಂದು ತುದಿ ಚಿನಕುರುಳಿ. ಹುಲ್ಲು, ನಡುವೆ ಕಂಬ. ಅಧಿಕಾರಿಯ ಪೆನ್ನಿನ ಮುಚ್ಚಳ ಅಲ್ಲಿಗೇ ನಿಂತಿತು. ಇಷ್ಟು ವರ್ಷ ಅವರು ಈ ತಾರೀಕನ್ನು ಒಂದೊಂದೇ ಕಡತದಲ್ಲಿ, ಒಂದೊಂದೇ ಸಲ ನೋಡಿದ್ದರು. ಎಲ್ಲವೂ ಒಂದರ ಮೇಲೊಂದು ನಿಂತರೆ ಎಷ್ಟೆತ್ತರವಾಗುತ್ತದೆ ಎಂದು ಕಂಡಿರಲಿಲ್ಲ. ಕುರ್ಚಿಯಿಂದ ಎದ್ದು ಬಂದು, ಕಂಬದ ಬುಡದಿಂದ ತುದಿಯವರೆಗೆ ಕಣ್ಣು ಹಾಯಿಸಿದರು.

ಆಮೇಲೆ ಕುಳಿತು, ಕೇಳಬೇಕಾದ್ದನ್ನೇ ಕೇಳಿದರು. “ಹಾಗಾದ್ರೆ ಈ ಹುಡುಗಿ ಹುಟ್ಟಿದ್ದು ಯಾವತ್ತು?”

“ಗೊತ್ತಿಲ್ಲ ಮೇಡಂ,” ಎಂದರು ಸಾಹೇಬರು. “ಅಷ್ಟು ಹೇಳೋಕೇ ಬಂದಿದ್ದು.”

ಅಧಿಕಾರಿ ಅತ್ತಿಗೆಯ ಕಡೆ ತಿರುಗಿದರು. ಅತ್ತಿಗೆ ಚಳಿಯ ವಿಷಯ ಹೇಳಿದಳು, ಸೂಲಗಿತ್ತಿಯ ಕೈಯ ವಿಷಯ ಹೇಳಿದಳು. ಮಗುವನ್ನು ಸುತ್ತಲು ಬಟ್ಟೆ ಸಾಲದೆ ಗಂಡನ ಕೋಟಿನ ಒಳಗಿನ ಅಸ್ತರು ಬಿಚ್ಚಿದ್ದನ್ನು ಹೇಳಿದಳು. ಇದಕ್ಕೆ ಸಾಕ್ಷಿ ಏನಿದೆ ಎಂದು ಕೇಳಿದಾಗ, ಅವಳು ಸ್ವಲ್ಪ ಯೋಚಿಸಿ, ನಾನು ಅಲ್ಲೇ ಇದ್ದೆ ಎಂದಳು. ಅಧಿಕಾರಿ ತಲೆ ತಗ್ಗಿಸಿ ಬರೆದುಕೊಂಡರು. ಅವರ ತುಟಿಯಂಚು ಅಲ್ಲಾಡಿದ್ದನ್ನು ಚಿನಕುರುಳಿ ನೋಡಿದಳು, ಆದರೆ ಅದು ನಗುವೋ ಬೇರೇನೋ ತಿಳಿಯಲಿಲ್ಲ.

ಹನ್ನೆರಡು ದಿನಗಳಾದ ಮೇಲೆ ಆದೇಶ ಬಂತು. ಎರಡು ಪುಟ. ಅಣ್ಣ ಬಸ್ಸಿನ ಡ್ಯೂಟಿಯಲ್ಲಿದ್ದ, ಅಮ್ಮನಿಗೆ ಕನ್ನಡಕ ಸಿಗಲಿಲ್ಲ, ಅತ್ತಿಗೆ ಓದಲು ಒಪ್ಪಲಿಲ್ಲ, ಚಿನಕುರುಳಿಯೇ ಓದಿದಳು. ತಾಯಿಯ ನೆನಪು ನಿಜವಿರಬಹುದು, ಅಲ್ಲದೆಯೂ ಇರಬಹುದು. ಆದರೆ ಹದಿನೆಂಟು ತುಂಬಿದೆ ಎಂದು ಹೇಳಿ ಬಾಗಿಲು ಮುಚ್ಚುವವರು ಅದು ತುಂಬಿದೆ ಎಂದು ತೋರಿಸಬೇಕು. ಜುಲೈ ಒಂದು ಅದನ್ನು ತೋರಿಸುವುದಿಲ್ಲ. ಹುಟ್ಟಿದ ವರ್ಷ ಮಾತ್ರ ಗೊತ್ತಿರುವವರಿಗೆ, ಹದಿನೆಂಟು ತುಂಬಬೇಕಾದ ವರ್ಷದ ಕೊನೆಯ ದಿನ ಕಳೆಯುವವರೆಗೆ ಅದು ತುಂಬಿದೆ ಎಂದು ಯಾರೂ ಹೇಳಲಾಗದು. ಇದು ಈ ಅರ್ಜಿಗೂ ಅನ್ವಯಿಸುತ್ತದೆ, ಇಂಥ ಎಲ್ಲ ಅರ್ಜಿಗಳಿಗೂ ಅನ್ವಯಿಸುತ್ತದೆ.

“ಅಂದ್ರೆ?” ಎಂದಳು ಅಮ್ಮ.

“ಅಂದ್ರೆ ಬರ್ತಾಳೆ,” ಎಂದಳು ಚಿನಕುರುಳಿ. ಹುಟ್ಟಿದಾಗಿನಿಂದ ಅವಳು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು.

ಅತ್ತಿಗೆ ಮಂಚದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಮಂಚ ಎಳೆಯುವ ಶಬ್ದ ಬಂತು. ಕಿಟಕಿ ಕಡೆಗೆ.

ಸಾಹೇಬರ ಕೊನೆಯ ವಾರ. ಹೊಸ ನಿಯಮ ಬಂದ ಮೇಲೆ ಮುಂದಿನ ಮೂವತ್ತು ವರ್ಷಗಳ ಲೆಕ್ಕವನ್ನು ಮತ್ತೆ ಮಾಡಬೇಕಿತ್ತು. ಇಬ್ಬರೂ ಒಂದೇ ಮೇಜಿಗೆ ಕುಳಿತರು. ವರ್ಷಕ್ಕೆ ಸುಮಾರು ಮುನ್ನೂರು ಮಕ್ಕಳು ಈ ತಾರೀಕಿನಿಂದ ಹೊರಗುಳಿಯುತ್ತಿದ್ದರು, ಈಗ ಬರುತ್ತಾರೆ. ಅವರು ಬೆಳೆಯುತ್ತಾರೆ, ಅವರಲ್ಲಿ ಕೆಲವರಿಗೆ ಮಕ್ಕಳಾಗುತ್ತವೆ. ಚಿನಕುರುಳಿ ಗುಂಡಿ ಒತ್ತಿದಳು. ಚಿತ್ರದಲ್ಲಿ ಹದಿನೇಳು ಹದಿನೆಂಟರ ಗೆರೆ ಕೂದಲೆಳೆಯಷ್ಟು ಉದ್ದವಾಯಿತು. ವರ್ಷಗಳು ಮುಂದೆ ಓಡಿದಂತೆ ಆ ಕೂದಲೆಳೆ ಮೇಲಕ್ಕೆ ಹತ್ತಿತು, ಅದರ ಕೆಳಗೆ, ತಳದ ಹತ್ತಿರ, ಇನ್ನೊಂದು ಎಳೆ ಹುಟ್ಟಿತು. ಯಾರೂ ಹೇಳಿಕೊಡದೆ ಹುಟ್ಟಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಸಾಹೇಬರು ಮಾತ್ರ ಹಿಂದಕ್ಕೆ ಲೆಕ್ಕ ಹಾಕುತ್ತಿದ್ದರು, ಕಾಗದದ ಮೇಲೆ, ಪೆನ್ಸಿಲಿನಲ್ಲಿ. ಕುಟುಂಬವನ್ನು ಕರೆಸಿಕೊಳ್ಳುವ ನಿಯಮ ಬಂದು ಇಪ್ಪತ್ತು ವರ್ಷ. ವರ್ಷಕ್ಕೆ ಮುನ್ನೂರು. ಅವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಹದಿನೆಂಟು ತುಂಬಿತ್ತು ಎಂದು ಬಿಟ್ಟರೂ, ಬರದೇ ಹೋದವರು, ಅವರಿಗೆ ಇಲ್ಲಿ ಹುಟ್ಟದೇ ಹೋದ ಮಕ್ಕಳು. ಕೂಡಿ ಅಡಿಗೆರೆ ಎಳೆದರು.

“ನಾಲ್ಕೂವರೆ ಸಾವಿರ,” ಎಂದರು. “ಒಂದು ಊರು. ಶಾಲೆ, ಔಷಧಿ ಅಂಗಡಿ, ಫುಟ್‌ಬಾಲ್ ಆಡೋ ಎರಡು ತಂಡ. ಒಂದು ಸಾಲು ಬರೀಲಿಲ್ಲ ಅಂತ ಒಂದು ಊರೇ ಆಗ್ಲಿಲ್ಲ ನೋಡಮ್ಮ.”

ಅವರ ದನಿಯಲ್ಲಿ ಪಶ್ಚಾತ್ತಾಪವಿತ್ತು ನಿಜ. ಆದರೆ ಅದಕ್ಕಿಂತ ದೊಡ್ಡದಾಗಿ ಬೆರಗು ಇತ್ತು, ತಾವು ಒಂದು ಕಾಗದದ ಮೇಲೆ ಇಟ್ಟ ಪೆನ್ನು ಇಷ್ಟು ದೂರ ಹೋಗಿ ತಲುಪಿತೇ ಎಂಬ ಬೆರಗು. ಚಿನಕುರುಳಿ ಅವರ ಲೋಟಕ್ಕೆ ಟೀ ಬಗ್ಗಿಸಿದಳು. ಅವರು ಕುಡಿದರು. ಆಮೇಲೆ ಅವಳ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಆ ಎಳೆ ಮತ್ತೊಮ್ಮೆ ಹುಟ್ಟುವುದನ್ನು ತೋರಿಸು ಎಂದು ಕೇಳಿದರು. ಅವಳು ತೋರಿಸಿದಳು. ಇನ್ನೊಂದು ಸಲ ಎಂದರು. ತೋರಿಸಿದಳು.

ಡಿಸೆಂಬರಿನ ಒಂದು ಬೆಳಿಗ್ಗೆ ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆದು ಮುಚ್ಚಿ ತೆರೆದು ಮುಚ್ಚಿ, ಕೊನೆಗೊಂದು ಸಲ ತೆರೆದಾಗ ಹುಡುಗಿ ಬಂದಳು. ಫೋನಿನಲ್ಲಿ ಅವಳ ಮುಖವಷ್ಟೇ ಕಾಣುತ್ತಿತ್ತು, ಎತ್ತರ ಯಾರಿಗೂ ಗೊತ್ತಿರಲಿಲ್ಲ. ತಾಯಿಗಿಂತ ಒಂದು ತಲೆ ಉದ್ದವಿದ್ದಳು. ಅತ್ತಿಗೆ ಒಂಬತ್ತು ವರ್ಷ ತನ್ನ ಎದೆಮಟ್ಟಕ್ಕೆ ಚಾಚಿ ಅಭ್ಯಾಸ ಮಾಡಿಕೊಂಡಿದ್ದ ಕೈಗಳನ್ನು ಅಲ್ಲೇ ತಡೆದು, ಮೇಲಕ್ಕೆತ್ತಬೇಕಾಯಿತು. ಅಣ್ಣ ಪೆಟ್ಟಿಗೆ ಎತ್ತಿಕೊಂಡು ಮುಖ ಆ ಕಡೆ ಮಾಡಿದ.

ಕಾರಿನ ಹಿಂದಿನ ಸೀಟಿನಲ್ಲಿ ನಡುವೆ ಹುಡುಗಿ, ಒಂದು ಪಕ್ಕ ಅವಳಮ್ಮ, ಇನ್ನೊಂದು ಪಕ್ಕ ಚಿನಕುರುಳಿ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಇವಳು ರಾತ್ರಿಯೇ ಪಟ್ಟಿ ಮಾಡಿಕೊಂಡಿದ್ದಳು. ಆದರೆ ಹುಡುಗಿ ಐದು ನಿಮಿಷಕ್ಕೇ ಅಮ್ಮನ ಭುಜಕ್ಕೆ ಒರಗಿ ನಿದ್ದೆ ಹೋದಳು, ಕುತ್ತಿಗೆ ಅಷ್ಟು ಬಗ್ಗಿಸಬೇಕಾಗಿದ್ದರೂ ಹಾಗೇ. ಇವಳು ಕಿಟಕಿಯಾಚೆ ನೋಡಿದಳು. ಅಂಗಡಿಯ ಶಟರ್ ಎತ್ತುವವನು ಅರವತ್ತೆರಡು. ರಸ್ತೆ ದಾಟುತ್ತಿದ್ದ ಜೋಡಿ ಎಪ್ಪತ್ತೆಂಟು, ಎಂಬತ್ತು. ಅವರ ಕೈ ಹಿಡಿದು ದಾಟಿಸುತ್ತಿದ್ದವಳು ಮೂವತ್ತೊಂದು, ಬಹುಶಃ ಬೇರೆ ದೇಶದವಳು. ನಲವತ್ತು ಸೀಟಿನ ಶಾಲೆಯ ಬಸ್ಸಿನಲ್ಲಿ ಏಳು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಕಿಟಕಿ. ಗೆರೆಗಳೆಲ್ಲ ಹಾಳೆಯಿಂದ ಇಳಿದು, ಕೋಟು ತೊಟ್ಟುಕೊಂಡು, ಬೆಳಗಿನ ಕೆಲಸಕ್ಕೆ ಹೊರಟಿದ್ದವು. ಇಷ್ಟು ಜನ ಎಲ್ಲಿಂದ ಬಂದರು, ಹೇಗೆ ಇಲ್ಲಿ ಹೀಗೆ ಒಟ್ಟಿಗೆ ಇದ್ದಾರೆ ಎಂದು ಅವಳಿಗೆ ಸಂಖ್ಯೆ ಸಮೇತ ಗೊತ್ತಿತ್ತು. ಆದರೂ ಮೊದಲ ಸಲ ನೋಡಿದವಳಂತೆ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು.

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹುಡುಗಿಗೆ ಎಚ್ಚರವಾಯಿತು. ಮನೆ ಬಂತಾ ಎಂದು ತನ್ನ ಭಾಷೆಯಲ್ಲಿ ಕೇಳಿದಳು. ಅಷ್ಟು ಮಾತು ಚಿನಕುರುಳಿಗೂ ಈಗ ಅರ್ಥವಾಗುತ್ತಿತ್ತು. ಅತ್ತಿಗೆ ಮಗಳ ತಲೆಯನ್ನು ಮತ್ತೆ ಭುಜಕ್ಕೆ ಒತ್ತಿಕೊಂಡು, ಇನ್ನೂ ಹತ್ತು ನಿಮಿಷ ಇದೆ, ಮಲಗು ಎಂದಳು.